ಅವ್ವಿಗೆ ಸಿಕ್ಕ ಎರವಲು ದನಿ

ಅಂಕೋಲೆ ಪೇಟೆಯಲ್ಲಿ ನನ್ನ ಅವ್ವಿಯ ಬಾಯಿಗೆ ಹೆದರದವರು ಕಡಿಮೆ. ಶೆಟಗೇರಿಯ ನಮ್ಮ ಗದ್ದೆಯಲ್ಲಿ ಬೆಳೆದ ಹರಿವೆ, ಬಸಳೆ, ಮೂಲಂಗಿ ಹೊತ್ತು ತಂದು, ರಸ್ತೆಯ ಪಕ್ಕ ಗೋಣಿ ಹಾಸಿ ಕೂತಳೆಂದರೆ ಅವಳ ದನಿ ಬಸ್ ಸ್ಟ್ಯಾಂಡಿನ ತನಕ ಹೋಗುತ್ತಿತ್ತು. ಆ ದನಿ ಒಂದು ಬೆಳಿಗ್ಗೆ ನಿಂತೇಹೋಯಿತು. ಲಕ್ವ ಹೊಡೆದು ಬಲಗೈ ಸೋತಿತು. ನಾವು ಆಡಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಆದರೆ ಬಾಯಲ್ಲಿ ಉಳಿದದ್ದು ಒಂದೇ ಶಬ್ದ: "ಅದು." ನೀರು ಬೇಕಾದರೂ ಅದು, ಸಿಟ್ಟು ಬಂದರೂ ಅದು.

ನಾನು ಕಾರವಾರದಲ್ಲಿ ಬ್ಲೌಸ್ ಹೊಲಿಯುವವಳು. ಅವ್ವಿಯನ್ನು ನನ್ನ ಮನೆಗೇ ಕರೆತಂದೆ. ವಾರಕ್ಕೆರಡು ಸಲ ಮಾತು ಕಲಿಸುವ ತರಬೇತಿಗೆ ಹೋಗುತ್ತಿದ್ದೆವು. ಅಲ್ಲಿದ್ದ ಹುಡುಗಿ ಒಂದು ದಿನ ಕೇಳಿದಳು: "ಅಕ್ಕಾ, ನಿಮ್ಮನೇಲಿ ಟ್ಯಾಬ್ಲೆಟ್ ಉಂಟಾ? ಚಿತ್ರ ಒತ್ತಿದ್ರೆ ಮಾತಾಡ್ತದೆ, ಅಂಥದ್ದು ಹಾಕ್ಕೊಡ್ತೆ."

ಟ್ಯಾಬ್ಲೆಟ್ ಇತ್ತು. ಕಪಾಟಿನ ಮೇಲೆ, ಹಳೆ ಸೀರೆಯಲ್ಲಿ ಸುತ್ತಿಸಿಕೊಂಡು, ಶಿಕ್ಷೆ ಅನುಭವಿಸುತ್ತಿತ್ತು. ಶಿಕ್ಷೆ ಅದಕ್ಕೋ ನನಗೋ ಎಂದು ಕೇಳಬೇಡಿ. ಹೊಸ ಹೊಸ ಕುತ್ತಿಗೆ ಡಿಸೈನು ನೋಡಲಿಕ್ಕೆಂದು ಅದನ್ನು ತಂದಿದ್ದೆ. ನೋಡಿದೆ ಕೂಡ, ನನ್ನ ಹೊಲಿಗೆಗೆ ಹೆಸರು ಬಂದದ್ದೇ ಅದರಿಂದ. ಆದರೆ ಒಂದು ಡಿಸೈನಿನ ಹಿಂದೆ ಒಂದು ಅಡುಗೆ, ಅಡುಗೆಯ ಹಿಂದೆ ಯಾರದೋ ಮನೆಯ ಜಗಳ, ಹೀಗೆ ಮಧ್ಯಾಹ್ನಗಳೆಲ್ಲ ಅದರ ಹೊಟ್ಟೆಗೆ ಹೋದವು. ಕೊನೆಗೆ ಇಸ್ತ್ರಿಪೆಟ್ಟಿಗೆಯನ್ನು ಮದುಮಗಳೊಬ್ಬಳ ರೇಷ್ಮೆ ಬ್ಲೌಸಿನ ಮೇಲೆ ಬಿಟ್ಟು ಟ್ಯಾಬ್ಲೆಟ್ ನೋಡುತ್ತ ನಿಂತೆ. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಬೆನ್ನಿನ ಭಾಗವೇ ಇರಲಿಲ್ಲ. ಅವತ್ತೇ ಅದನ್ನು ಸುತ್ತಿ ಮೇಲಿಟ್ಟಿದ್ದೆ.

ಈಗ ಕೆಳಗಿಳಿಸಿದೆ. ತರಬೇತಿಯ ಹುಡುಗಿ ಹಾಕಿಕೊಟ್ಟ ಚಿತ್ರಗಳಲ್ಲಿ ಬ್ರೆಡ್ಡಿತ್ತು, ಪಿಜ್ಜಾ ಇತ್ತು, ಹಿಮದ ಗೊಂಬೆಯೂ ಇತ್ತು. ಲೋಟದ ಚಿತ್ರ ಒತ್ತಿದರೆ ಯಂತ್ರದ ಹೆಂಗಸೊಬ್ಬಳು, "ನನಗೆ ಬಾಯಾರಿಕೆಯಾಗಿದೆ" ಎನ್ನುತ್ತಿದ್ದಳು. ಅವ್ವಿ ಆ ದನಿ ಕೇಳಿ ನನ್ನ ಮುಖ ನೋಡಿದಳು. ಎಡಗೈಯಿಂದ ಟ್ಯಾಬ್ಲೆಟ್ಟನ್ನು ದೂರ ತಳ್ಳಿ, "ಅದು!" ಎಂದಳು. ಅದರ ಅರ್ಥವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಚಿತ್ರ ನಾನೇ ತೆಗೆಯತೊಡಗಿದೆ. ನಮ್ಮ ತಂಬಿಗೆ, ಗಂಜಿಯ ಬಟ್ಟಲು, ಒಣಸಿಗಡಿ, ಬಚ್ಚಲಿನ ಬಾಗಿಲು. ಶೆಟಗೇರಿಗೆ ಹೋಗಿ ಗದ್ದೆ, ಬಾವಿ, ಹರಿವೆ ಕಟ್ಟು, ನಮ್ಮ ದನ. ಒಂದೊಂದಕ್ಕೂ ನನ್ನ ದನಿ ತುಂಬಿದೆ. ಅದೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಮಗಳ ದನಿಯಲ್ಲಿ ತಾಯಿ ಹೇಗೆ ಮಾತಾಡಿಯಾಳು?

ಆಗ ಬಂದಳು ಕೇಣಿ ಊರಿನ ಮೀನಿನವಳು. ಪೇಟೆಯಲ್ಲಿ ಅವ್ವಿಯ ಪಕ್ಕದಲ್ಲೇ ಬುಟ್ಟಿ ಇಟ್ಟು, ಗೋಣಿಯ ಒಂದು ಗೇಣು ಜಾಗಕ್ಕಾಗಿ ಮೂವತ್ತು ವರ್ಷ ಜಗಳಾಡಿದವಳು. ತಲೆಗೆ ಸುತ್ತಿದ ಮುಂಡೇಶಿ ಬಿಚ್ಚುತ್ತ ಬಾಗಿಲಲ್ಲೇ ಕೂಗಿದಳು: "ಎಂತದೇ, ಸುಮ್ನೆ ಕೂತ್ಕಂಡಿದ್ಯಲೇ! ನಂಗೆ ಜಗಳ ಮಾಡೂಕೆ ಯಾರೂ ಇಲ್ಲ ಅಲ್ಲಿ."

ಅವ್ವಿ ಬಾಯಿ ಬಿಟ್ಟು ನಕ್ಕಳು. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು. ಆಮೇಲೆ ಟ್ಯಾಬ್ಲೆಟ್ಟನ್ನು ಎಳೆದುಕೊಂಡು ಆ ಗೆಳತಿಯ ಬಾಯಿಗೆ ಹಿಡಿದಳು. ನನಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

"ನನ್ ದನಿ ಬೇಕಾ ಇವ್ಳಿಗೆ?" ಮೀನಿನವಳ ಕಣ್ಣು ತುಂಬಿತು. ಮರುಗಳಿಗೆಯಲ್ಲೇ ಗಂಟಲು ಸರಿಮಾಡಿಕೊಂಡು, "ಅಡ್ಡಿಲ್ಲ, ತಕಾ" ಎಂದಳು. ಗಂಜಿ, ನೀರು, ಬೇಡ, ಹೋಗು, ತಾಜಾ ಉಂಟು, ದನ... ಎಲ್ಲವನ್ನೂ ಪೇಟೆಯಲ್ಲಿ ಕೂಗುವ ಹಾಗೆಯೇ ಕೂಗಿದಳು. ಪಕ್ಕದ ಮನೆಯವರು ಜಗಳವೆಂದುಕೊಂಡು ಹೊರಗೆ ಬಂದರು.

ಒಂದೇ ತಿಂಗಳಲ್ಲಿ ಅವ್ವಿ ನನ್ನನ್ನು ಮನೆತುಂಬ ಓಡಾಡಿಸತೊಡಗಿದಳು. ತೊಂದರೆಗಳು ಇಲ್ಲದಿರಲಿಲ್ಲ. ಒದ್ದೆ ಬೆರಳಿಗೆ ಪರದೆ ಕಿವುಡಾಗುತ್ತಿತ್ತು. ಮಳೆಗೆ ಕರೆಂಟು ಹೋಗಿ ಚಾರ್ಜು ಮುಗಿದ ದಿನ ಅವಳು ಮತ್ತೆ ಮೂಕಿ. ಆಗಿನ ಅವಳ ಸಿಟ್ಟನ್ನು ನೋಡಬೇಕಿತ್ತು. ಎಲ್ಲಕ್ಕಿಂತ ದೊಡ್ಡ ಭಯ ಬೇರೆ. ಒತ್ತಿದರೆ ಕೆಲಸವಾಗುತ್ತದೆಂದು ಅವಳು ತುಟಿ ಆಡಿಸುವುದನ್ನೇ ಬಿಟ್ಟಿದ್ದಳು. ತರಬೇತಿಯ ಹುಡುಗಿ ಗದರಿದಳು: "ಇದು ಊರುಗೋಲು, ಕಾಲಲ್ಲ. ಒತ್ತಿದ ಮೇಲೆ ನೀವೂ ಹೇಳ್ಬೇಕು." ಸಂಜೆ ಒಂದು ತಾಸು ಅದನ್ನು ಮುಚ್ಚಿಟ್ಟು ಬಾಯಿ ಅಭ್ಯಾಸ ಮಾಡಿಸುತ್ತಿದ್ದೆ. ಆ ತಾಸಿನಲ್ಲಿ ಬರುತ್ತಿದ್ದದ್ದು ಅದು, ಅದು, ಅದು ಮಾತ್ರ.

ಚಳಿಗಾಲದಲ್ಲಿ ಶೆಟಗೇರಿಯ ಗದ್ದೆಯಲ್ಲಿ ಹರಿವೆ ಚಿಗುರಿದಾಗ ಅವ್ವಿ ಪೇಟೆಯ ಚಿತ್ರ ಒತ್ತಿ, "ಹೋಗು" ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ತಡೆಯಲಾಗದೆ ಒಂದು ಬುಟ್ಟಿ ಹರಿವೆಯೊಂದಿಗೆ ಕರೆದುಕೊಂಡು ಹೋದೆ. ತನ್ನ ಹಳೆಯ ಜಾಗದಲ್ಲಿ, ಮೀನಿನವಳ ಪಕ್ಕ, ಎಡಗೈಯಿಂದಲೇ ಗೋಣಿ ಹಾಸಿಕೊಂಡಳು. ಬಿಸಿಲಿಗೆ ಪರದೆ ಕಾಣದೆ ನಾನು ಕೊಡೆ ಹಿಡಿದು ನಿಂತೆ.

ಒಬ್ಬ ಗಿರಾಕಿ ಬಂದ. ಕಟ್ಟು ಬಿಚ್ಚಿದ, ಎಲೆ ಮುರಿದ, ಮೂಸಿದ, ಒಂದು ತುದಿಯನ್ನು ಬಾಯಿಗೂ ಹಾಕಿದ. ಇನ್ನೊಂದು ಕಟ್ಟಿಗೆ ಕೈ ಹಾಕಿದ. ಅವ್ವಿಯ ಬೆರಳು ಪರದೆಯ ಮೇಲೆ ಓಡಿತು.

"ದನ!" ಎಂದಿತು ಟ್ಯಾಬ್ಲೆಟ್, ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ. "ಹೋಗು!"

ನಾನು ಬೆವರಿದೆ. ಅವನು ದನಿ ಗುರುತಿಸಿ ಮೀನಿನವಳ ಕಡೆ ತಿರುಗಿದ. "ಯಾರಿಗೇ ದನ ಅಂದದ್ದು ನೀನು?"

"ನಾನೆಲ್ಲಂದೆ ಮಾರಾಯಾ! ನಾ ಬಾಯೇ ಬಿಡ್ಲಿಲ್ಲ!"

"ನಿಂದೇ ದನಿ! ಕಿವಿ ಇಲ್ವಾ ನಂಗೆ?"

ಮೀನಿನವಳು ಕತ್ತಿ ಕೆಳಗಿಟ್ಟು ಎದ್ದಳು. ಅಷ್ಟರಲ್ಲಿ ಅವ್ವಿ ಎಡಗೈಯಿಂದ ನನ್ನ ಕೊಡೆಯನ್ನು ಆಚೆ ಸರಿಸಿದಳು. ಟ್ಯಾಬ್ಲೆಟ್ ಮಡಿಲಿನಿಂದ ಜಾರಿ ಹರಿವೆಯ ಮೇಲೆ ಬಿತ್ತು. ಅವಳು ಅದರ ಕಡೆ ನೋಡಲಿಲ್ಲ. ತುಟಿ ಒಂದು ಕಡೆ ಎಳೆದುಕೊಂಡಿತು, ಕುತ್ತಿಗೆಯ ನರ ಉಬ್ಬಿತು.

"ನಾ... ನಾ..." ಎದೆ ಬಡಿದುಕೊಂಡಳು. "ನಾನೇ!"

ಸುತ್ತಲಿನ ಬುಟ್ಟಿಯವರೆಲ್ಲ ಒಮ್ಮೆಲೇ ಇತ್ತ ತಿರುಗಿದರು. ಆಮೇಲೆ ಮೀನಿನವಳು ಕೇಕೆ ಹಾಕಿದಳು: "ಕೇಳ್ದ್ರಾ? ಅವ್ಳೇ ಅಂದದ್ದು! ಅವ್ಳೇ!" ಆ ಗಿರಾಕಿಗೆ ಸಂಗತಿ ತಿಳಿದಾಗ ಅವನೂ ನಕ್ಕು, ತಾನು ಮುರಿದ ಕಟ್ಟುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡ. ಹತ್ತು ಗಂಟೆಗೆ ಬುಟ್ಟಿ ಖಾಲಿ. ಜಾತ್ರೆಯಲ್ಲಿ ಗೆದ್ದ ಪೈಲವಾನನ ಹಾಗೆ ಕೂತಿದ್ದಳು ಅವ್ವಿ. ಎದುರಿಗೆ ಬಂದವರಿಗೆಲ್ಲ, ಕೇಳಲಿ ಬಿಡಲಿ, "ನಾನೇ" ಎನ್ನುತ್ತಿದ್ದಳು.

ಈಗ ಅವಳ ಬಾಯಲ್ಲಿ ಸ್ವಂತದ ಮಾತು ಇಪ್ಪತ್ತೋ ಮೂವತ್ತೋ ಇವೆ, ಅರ್ಧ ಬೈಗುಳ. ಉಳಿದದ್ದಕ್ಕೆ ಟ್ಯಾಬ್ಲೆಟ್. ವೀಡಿಯೊಗಳನ್ನೆಲ್ಲ ನಾನು ತೆಗೆಸಿಹಾಕಿದ್ದೇನೆ. ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಕಳೆದ ತಿಂಗಳು ತರಬೇತಿಯ ಹುಡುಗಿ ನನ್ನನ್ನು ಹಿಲ್ಲೂರಿಗೆ ಕಳಿಸಿದಳು. ಅಲ್ಲೊಬ್ಬ ಭಟ್ಟರಿಗೂ ಮಾತು ಹೋಗಿತ್ತು. ಮನೆಯ ಚಿತ್ರಗಳನ್ನು ತೆಗೆದುಕೊಂಡು, ಯಾರ ದನಿ ತುಂಬಲಿ ಎಂದು ಕೇಳಿದೆ. ಅವರು ತಡಮಾಡದೆ ಹೆಂಡತಿಯತ್ತ ಬೆರಳು ತೋರಿಸಿದರು.

"ನನ್ನ ದನಿಯಾ?" ಆಕೆ ಸೆರಗು ಬಾಯಿಗೆ ಹಿಡಿದರು. "ಇಷ್ಟು ವರ್ಷ ನನ್ನ ಒಂದು ಮಾತಾದ್ರೂ ಕೇಳಿದ್ರಾ ಇವರು?" ಎಂದು ನಗುತ್ತ ನನ್ನ ಪಕ್ಕ ಬಂದು ಕೂತರು.