ಎರಡು ಅರ್ಚನೆ ಚೀಟಿ

ನಮ್ಮ ದೇವಸ್ಥಾನದಲ್ಲಿ ಒಂದು ಮನೆಗೆ ಒಂದು ಅರ್ಚನೆ ಚೀಟಿ. ಕೌಂಟರಿನಲ್ಲಿ ಕೂರುವ ಧಾರವಾಡದ ಅಮ್ಮ ಯಜಮಾನನ ಹೆಸರು, ನಕ್ಷತ್ರ, ಅದರ ಕೆಳಗೆ ಹೆಂಡತಿ, ಮಕ್ಕಳು ಎಂದು ದುಂಡಗೆ ಬರೆದುಕೊಡುತ್ತಾರೆ. ಅರ್ಚಕರು ಅಷ್ಟನ್ನೂ ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಾರೆ. ನಾವಿಬ್ಬರೂ ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದು, ಒಂದೇ ಕಾರಿನಲ್ಲಿ ಬಂದು, ಒಂದೇ ಬುಟ್ಟಿಯಲ್ಲಿ ಹಣ್ಣುಕಾಯಿ ತಂದು, ಎರಡು ಚೀಟಿ ಬರೆಸುತ್ತಿದ್ದೆವು.

ಅವನು ಮಂಗಳೂರಿನ ಕಡೆಯವನು, ಟೊರೊಂಟೊ ಪಕ್ಕದ ಮಾಲ್ಟನ್‌ನಲ್ಲಿ ಡಾಕ್ಟರು. ನಾನು ಮೈಸೂರಿನವನು, ಮೆಡೋವೇಲ್‌ನ ಒಂದು ಆಫೀಸಿನಲ್ಲಿ ಎಂಜಿನಿಯರು. ಮನೆಯಲ್ಲಿ ನಾವು ಗಂಡ ಹೆಂಡತಿಗಿಂತ ಹೆಚ್ಚು ಜಗಳವಾಡುತ್ತಿದ್ದೆವು, ಅಷ್ಟೇ ಬೇಗ ಒಂದಾಗುತ್ತಿದ್ದೆವು. ಹೊರಗೆ ಮಾತ್ರ ನಾವು 'ಫ್ರೆಂಡ್ಸು, ಮನೆ ಶೇರ್ ಮಾಡ್ಕೊಂಡಿದೀವಿ'. ಮಹಡಿಯಲ್ಲಿ ಎರಡನೆಯ ಬೆಡ್‌ರೂಮಿತ್ತು. ಅದರ ಹಾಸಿಗೆಯ ಮೇಲೆ ಯಾರೂ ಮಲಗಿದ್ದಿಲ್ಲ. ಆದರೂ ಕನ್ನಡದವರು ಊಟಕ್ಕೆ ಬರುವ ದಿನ ನಾನು ಹೋಗಿ ಆ ಹೊದಿಕೆಯನ್ನು ಸ್ವಲ್ಪ ಸುಕ್ಕು ಮಾಡಿ, ದಿಂಬಿನ ಪಕ್ಕ ಅವನ ಕನ್ನಡಕದ ಡಬ್ಬಿ ಇಟ್ಟು ಬರುತ್ತಿದ್ದೆ. ಅವನು ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದ. "ನಾಟಕಕ್ಕೆ ಸೆಟ್ ಹಾಕಿ ಆಯ್ತಾ ಮಾರಾಯ?" ಎನ್ನುತ್ತಿದ್ದ.

ಹೆದರಿಕೆ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವನು ಸತ್ತ ಮೇಲೆ ಇಬ್ಬರದೂ ಎಂದು ಹೇಳಿಕೊಳ್ಳುವ ಆಸೆ ನನಗೆ ಆಗಾಗ ಬರುತ್ತದೆ. ಗಂಡಸರಿಬ್ಬರು ಮದುವೆಯಾಗಬಹುದೆಂಬ ಕಾನೂನು ಇಲ್ಲಿ ಬಂದು ಎಷ್ಟೋ ವರ್ಷವಾಗಿತ್ತು, ಸಿಟಿ ಹಾಲಿಗೆ ಹೋಗಿ ಮದುವೆಯಾಗಬಹುದಿತ್ತು. ಅವನಿಗೆ ಅದೆಲ್ಲ ಬೇಕಿರಲಿಲ್ಲ. ಅವನು ಕೇಳಿದ್ದು ಒಂದೇ. "ದೇವರ ಮುಂದೆ ಒಮ್ಮೆ ನಮ್ಮ ಹೆಸರು ಒಟ್ಟಿಗೆ ಓದಿಸುವ. ಒಂದೇ ಚೀಟಿ. ಅಷ್ಟೇ ಸಾಕು ನನಗೆ." ನಾನು ಪ್ರತಿ ಸಲ "ಮುಂದಿನ ಹಬ್ಬಕ್ಕೆ ನೋಡೋಣ" ಎನ್ನುತ್ತಿದ್ದೆ.

೨೦೧೨ರಲ್ಲಿ ಅವನು ಒಂದು ಬ್ರೋಷರು ತಂದು ಊಟದ ಮೇಜಿನ ಮೇಲೆ ಹಾಕಿದ. ಗೇ ಗಂಡಸರಿಗಾಗಿಯೇ ಮಾಡಿದ ಸಣ್ಣ ಟೂರು, ಎಂಟೇ ಜನ. ಗ್ರೀಸಿನ ಹಳೆಯ ಮಠಗಳು, ಪಾಳುಗುಡಿಗಳು, ಕೊನೆಗೆ ಒಂದು ದ್ವೀಪ. ಟೊರೊಂಟೊದಲ್ಲಿ ಹುಟ್ಟಿದ ಒಬ್ಬ ಗ್ರೀಕ್ ಮೇಷ್ಟ್ರು ನಿವೃತ್ತರಾದ ಮೇಲೆ ವರ್ಷಕ್ಕೊಂದು ಸಲ ಹೀಗೆ ಕರೆದುಕೊಂಡು ಹೋಗುತ್ತಿದ್ದರು. "ಅಲ್ಲಿ ಕನ್ನಡದವರು ಯಾರೂ ಇರುವುದಿಲ್ಲ," ಎಂದ. ನಾನು ಆ ಮಾತಿಗೇ ಒಪ್ಪಿದೆ.

ನಮ್ಮ ದುರದೃಷ್ಟಕ್ಕೆ ನಾನು ಕನ್ನಡದವರ ಒಂದು ಪಾಟ್‌ಲಕ್‌ನಲ್ಲಿ "ಸೆಪ್ಟೆಂಬರಲ್ಲಿ ಗ್ರೀಸ್‌ಗೆ ಗ್ರೂಪ್ ಟೂರ್ ಹೋಗ್ತಿದೀವಿ" ಎಂದುಬಿಟ್ಟೆ. ಬಿಸಿಬೇಳೆಬಾತಿನ ತಟ್ಟೆ ಹಿಡಿದಿದ್ದ ಒಬ್ಬ ನಿವೃತ್ತ ಪ್ರೊಫೆಸರ್ ದಂಪತಿಗಳ ಕಿವಿ ನೆಟ್ಟಗಾಯಿತು.

"ಅರೆ, ನಾವೂ ಬರ್ತೀವಲ್ಲ! ಸೀಟ್ ಇದ್ಯಾ? ಡಿಟೇಲ್ಸ್ ಈಮೇಲ್ ಮಾಡಿ," ಎಂದರು ಪ್ರೊಫೆಸರು.

"ಫುಲ್ ಆಗ್ಬಿಟ್ಟಿದೆ ಸಾರ್," ಎಂದೆ ನಾನು.

"ವೇಟಿಂಗ್ ಲಿಸ್ಟ್?"

"ತುಂಬ ಹತ್ತೋದಿದೆಯಂತೆ. ಮೇಡಂ ಮಂಡಿಗೆ ಕಷ್ಟ. ಮೂರು ಹೊತ್ತೂ ಮೀನಂತೆ."

ಅವನು ಪಾಯಸದ ಬಟ್ಟಲಿಗೆ ಮುಖವಿಟ್ಟು ಭುಜ ಕುಣಿಸುತ್ತ ನಗುತ್ತಿದ್ದ. ಮನೆಗೆ ಬರುವಾಗ ಕಾರಿನಲ್ಲಿ, ಆ ಮೇಡಂ ಏಳು ಜನ ಗೇ ಗಂಡಸರ ಮಧ್ಯೆ ಕೂತು ಉಪ್ಪಿನಕಾಯಿ ಹಂಚುವುದನ್ನು ನಟಿಸಿ ತೋರಿಸಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅಥೆನ್ಸಿನಲ್ಲಿ ಮೊದಲ ದಿನ ಎಲ್ಲರೂ ಮೇಜಿನ ಸುತ್ತ ಕೂತು ಪರಿಚಯ ಹೇಳಿಕೊಂಡರು. ಹ್ಯಾಮಿಲ್ಟನ್ನಿನ ಬಸ್ ಡ್ರೈವರೊಬ್ಬ, ಮೂವತ್ತು ವರ್ಷ ಜೊತೆಗಿದ್ದ ಇಬ್ಬರು ಮುದುಕರು, ಹೀಗೆ. ಅವನ ಸರದಿ ಬಂದಾಗ ನನ್ನ ಹೆಗಲ ಮೇಲೆ ಕೈಯಿಟ್ಟು "ಇವನು ನನ್ನವನು" ಎಂದು ಇಂಗ್ಲಿಷಿನಲ್ಲಿ ಹೇಳಿದ. ಯಾರ ಮುಖದಲ್ಲೂ ಏನೂ ಆಗಲಿಲ್ಲ. ಬ್ರೆಡ್ಡಿನ ಬುಟ್ಟಿ ಮುಂದೆ ಹೋಯಿತು. ನನಗೆ ಮಾತ್ರ ಬೆನ್ನು ಬೆವರಿತು, ಆಮೇಲೆ ಎಷ್ಟು ಹಗುರವಾಯಿತೆಂದರೆ ಎದ್ದು ಟಾಯ್ಲೆಟ್ಟಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಪಾಳುಗುಡಿಗಳಲ್ಲಿ ಅವನಿಗೆ ಆಸಕ್ತಿ ಬೇಗ ಮುಗಿಯಿತು. "ಹಂಪಿ ನೋಡಿದವನಿಗೆ ಎಂತ ಇದು," ಎಂದು ನೆರಳು ಹುಡುಕಿ ಕೂರುತ್ತಿದ್ದ. ಮಠಗಳೆಂದರೆ ಇಷ್ಟ. ಬೆಟ್ಟದಷ್ಟು ಎತ್ತರದ ಬಂಡೆಗಳ ನೆತ್ತಿಯ ಮೇಲೆ ಕಟ್ಟಿದ ಮಠಗಳವು, ಮೆಟ್ಟಿಲು ಹತ್ತಿ ಹೋಗಬೇಕು. ಗಂಡಸರಿಗೂ ಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಬಸ್ ಡ್ರೈವರು ಚಡ್ಡಿಯಲ್ಲಿ ಬಂದು ಬಾಗಿಲಲ್ಲಿ ಸಿಕ್ಕಿಬಿದ್ದ. ನಮ್ಮವನು ತನ್ನ ಚೀಲದಿಂದ ಒಂದು ಬಿಳಿ ಪಂಚೆ ತೆಗೆದು, ಆರಡಿ ಮೂರಂಗುಲದ ಆ ಮನುಷ್ಯನಿಗೆ ಸುತ್ತಿ, ಸೊಂಟದಲ್ಲಿ ಬಿಗಿಯಾಗಿ ಸಿಕ್ಕಿಸಿದ. ಬಾಗಿಲು ಕಾಯುತ್ತಿದ್ದ ಸನ್ಯಾಸಿ ಮೇಲಿಂದ ಕೆಳಗೆ ನೋಡಿ ಒಳಗೆ ಬಿಟ್ಟರು.

ಒಳಗೆ ಮೇಣದಬತ್ತಿ ಹಚ್ಚುವ ಜಾಗದ ಪಕ್ಕ ಸಣ್ಣ ಮೇಜು. ಅದರ ಮೇಲೆ ಎರಡು ಕಟ್ಟು ಕಾಗದ, ಒಂದು ಪೆನ್ನು, ಒಂದು ಡಬ್ಬಿ. ಮುದುಕಿಯೊಬ್ಬಳು ಹೆಸರು ಬರೆದು ಡಬ್ಬಿಗೆ ಹಾಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೋದಳು. ಪ್ರಾರ್ಥನೆಯ ಹೊತ್ತಿಗೆ ಆ ಹೆಸರುಗಳನ್ನು ಓದುತ್ತಾರೆಂದು ಮೇಷ್ಟ್ರು ಬಸ್ಸಿನಲ್ಲಿ ಹೇಳಿದ್ದರು. ಅವನು ನನ್ನ ತೋಳು ಹಿಡಿದ.

"ಅರ್ಚನೆ ಚೀಟಿ ಅಲ್ವಾ ಇದು! ಬರೆಯುವ."

ಹತ್ತಿರವಿದ್ದ ಕಟ್ಟಿನಿಂದ ಒಂದು ಕಾಗದ ಎಳೆದು, ಡಾಕ್ಟರ ಅಕ್ಷರವನ್ನು ಆದಷ್ಟು ಬಿಡಿಸಿ, ತನ್ನ ಹೆಸರು ಬರೆದ, ಅದರ ಪಕ್ಕ ನನ್ನ ಹೆಸರು ಬರೆದ. ಸ್ವಲ್ಪ ಯೋಚಿಸಿ ಇಬ್ಬರ ನಕ್ಷತ್ರವನ್ನೂ ಸೇರಿಸಿದ. ಅವನದು ಮೂಲಾ, ನನ್ನದು ಅನೂರಾಧಾ.

"ಇವರಿಗೆ ನಕ್ಷತ್ರ ಯಾಕೋ?" ಎಂದೆ.

"ಇರಲಿ ಮಾರಾಯ. ನಮ್ಮ ಹೆಸರಿನವರು ಲೋಕದಲ್ಲಿ ಎಷ್ಟು ಜನ ಇಲ್ಲ? ಯಾರು ಅಂತ ದೇವರಿಗೆ ಗೊತ್ತಾಗುವುದು ಬೇಡವಾ?"

ಅಲ್ಲೇ ಮೂಲೆಯಲ್ಲಿ ಕೂತಿದ್ದ ಮುದಿ ಸನ್ಯಾಸಿಯೊಬ್ಬರು ಎದ್ದು ಬಂದು ಚೀಟಿ ಎತ್ತಿಕೊಂಡು ಓದಿದರು. ಹುಬ್ಬು ಗಂಟಾಯಿತು. ಮೇಷ್ಟ್ರನ್ನು ಕರೆದು ಗ್ರೀಕಿನಲ್ಲಿ ಏನೋ ಕೇಳಿದರು. ಮೇಷ್ಟ್ರು ತುಟಿ ಕಚ್ಚಿಕೊಂಡು ನಮಗೆ ಹೇಳಿದರು: ಇದು ಸತ್ತವರ ಆತ್ಮಶಾಂತಿಗೆ ಬರೆಯುವ ಕಾಗದ; ಬದುಕಿರುವವರದು ಆ ಇನ್ನೊಂದು ಕಟ್ಟು; ನಿಮ್ಮ ಮನೆಯಲ್ಲಿ ಒಟ್ಟಿಗೆ ನಾಲ್ಕು ಜನ ತೀರಿಕೊಂಡರೇ ಎಂದು ಇವರು ಬಹಳ ಮರುಕದಿಂದ ಕೇಳುತ್ತಿದ್ದಾರೆ. ನಕ್ಷತ್ರಗಳೂ ಸತ್ತಿದ್ದವು. ಅವನು ಗುಡಿಯೊಳಗೇ ಗಟ್ಟಿಯಾಗಿ ನಕ್ಕುಬಿಟ್ಟ. ವಿಷಯ ತಿಳಿದ ಸನ್ಯಾಸಿಯೂ ಬೊಚ್ಚುಬಾಯಿ ಬಿಟ್ಟು ನಕ್ಕರು. ಇನ್ನೊಂದು ಕಟ್ಟನ್ನು ನನ್ನ ಮುಂದೆ ತಳ್ಳಿ, ಬರೆ ಎಂದು ಸನ್ನೆ ಮಾಡಿದರು.

ಪೆನ್ನು ನನ್ನ ಕೈಗೆ ಬಂತು. ನಾನು ಒಂದು ಕಾಗದ ತೆಗೆದುಕೊಂಡು ಅವನ ಹೆಸರು ಬರೆದೆ. ಇನ್ನೊಂದು ಕಾಗದ ತೆಗೆದುಕೊಂಡು ನನ್ನ ಹೆಸರು ಬರೆದೆ. ಎರಡನ್ನೂ ಡಬ್ಬಿಗೆ ಹಾಕಿದೆ. ಅವನು ಬರೆದದ್ದನ್ನು ಅಪಶಕುನವೆಂದು ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡೆ. ಯಾರೂ ನನ್ನನ್ನು ಹಾಗೆ ಬರೆಯೆಂದಿರಲಿಲ್ಲ. ಅಲ್ಲಿದ್ದದ್ದು ಪಂಚೆ ಉಟ್ಟ ಒಬ್ಬ ಬಸ್ ಡ್ರೈವರು, ಒಬ್ಬ ಮೇಷ್ಟ್ರು, ಕನ್ನಡ ಬಾರದ ಒಬ್ಬ ಸನ್ಯಾಸಿ. ಅಷ್ಟು ವರ್ಷ ಮಾಡಿದ ಕೈ, ತಾನಾಗಿ ಮಾಡಿತು.

ಬಸ್ಸಿನಲ್ಲಿ ಅವನು ಕೋಪವಿಲ್ಲದೆ ಕೇಳಿದ: "ಇಲ್ಲಿಯೂ ಎರಡಾ?"

"ಅಭ್ಯಾಸ ಕಣೋ," ಎಂದೆ.

"ಹೌದು," ಎಂದು ಕಿಟಕಿಯ ಕಡೆ ತಿರುಗಿದ.

ದ್ವೀಪದಲ್ಲಿ ನಾಲ್ಕು ದಿನವಿದ್ದೆವು. ಅಲ್ಲಿ ನಾನು ಅವನ ಕೈ ಹಿಡಿದುಕೊಂಡು ಬಂದರಿನ ಉದ್ದಕ್ಕೂ ನಡೆದೆ, ಹಗಲಿನಲ್ಲಿ, ಮೀನು ಒಣಗಿಸುತ್ತಿದ್ದ ಹೆಂಗಸರ ಎದುರಿಗೆ. ಐವತ್ತೇಳು ವರ್ಷದವನು ಮೊದಲ ಸಲ ಹಾಗೆ ನಡೆದದ್ದು. ತಪ್ಪು ತಿದ್ದಿಕೊಳ್ಳುವ ಹುಮ್ಮಸ್ಸಿನಲ್ಲಿ, "ಬರೋ ಯುಗಾದಿಗೆ ನಮ್ಮ ದೇವಸ್ಥಾನದಲ್ಲೇ ಒಂದೇ ಚೀಟಿ ಬರೆಸ್ತೀನಿ, ನೋಡ್ತಿರು," ಎಂದೆ. ಅವನು ನಿಂತ. "ಇದು ನೀನು ಹೇಳಿದ್ದು. ನಾನು ಕೇಳಿದ್ದಲ್ಲ. ನೆನಪು ಉಂಟಲ್ಲ?" ಎಂದ. ಮುಖ ಅರಳಿತ್ತು.

ಯುಗಾದಿಯ ದಿನ ಹಿಮ ಇನ್ನೂ ಕರಗಿರಲಿಲ್ಲ, ದೇವಸ್ಥಾನದ ಬೂಟು ಬಿಡುವ ಕೋಣೆಯೆಲ್ಲ ಕೆಸರು ನೀರು. ಅವನು ಹೊಸ ಶಲ್ಯ ಹೊದ್ದುಕೊಂಡು, ಬುಟ್ಟಿ ಹಿಡಿದುಕೊಂಡು ನನ್ನ ಹಿಂದೆ ನಿಂತಿದ್ದ. ಕೌಂಟರಿಗೆ ಇನ್ನು ಇಬ್ಬರಿರುವಾಗ ಪ್ರೊಫೆಸರ್ ದಂಪತಿಗಳು ಬಂದು ನಮ್ಮ ಹಿಂದೆಯೇ ನಿಂತರು. "ಗ್ರೀಸ್ ಫೋಟೋ ತೋರಿಸ್ಲೇ ಇಲ್ಲ ನೀವು!" ಎಂದರು ಆಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಹಾಗೆಯೇ ಹಲ್ಲು ಕಿರಿದು ಏನೋ ಗೊಣಗಿದೆ. ನನ್ನ ಸರದಿ ಬಂತು. ಧಾರವಾಡದ ಅಮ್ಮ ಪೆನ್ನು ಹಿಡಿದು ಮುಖ ಎತ್ತಿದರು.

"ಹೇಳ್ರಿ. ಎಷ್ಟ ಚೀಟಿ?"

"ಎರಡು," ಎಂದೆ.

ಬೇವುಬೆಲ್ಲ ಕೊಟ್ಟಾಗ ಅವನು ತನ್ನ ಪಾಲಿನದನ್ನೂ ನನ್ನ ಅಂಗೈಗೆ ಹಾಕಿ, "ನೀನೇ ತಿನ್ನು," ಎಂದ. ನಗಲಿಲ್ಲ. ನಾನು ಅವನನ್ನು ಅಷ್ಟು ನೋಯಿಸಿದ್ದು ಬೇರೆ ಯಾವತ್ತೂ ಇಲ್ಲ, ಮತ್ತು ಅದಕ್ಕೆ ನಾನು ಕ್ಷಮೆಯನ್ನೂ ಕೇಳಲಿಲ್ಲ. ದಸರೆಗೆ ಸರಿ ಮಾಡೋಣ ಎಂದುಕೊಂಡೆ.

ಜೂನ್‌ನಲ್ಲಿ ಅವನ ಕಣ್ಣು ಹಳದಿಯಾಯಿತು. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆ ಎಳೆದು ತಾನೇ ನೋಡಿಕೊಂಡು, ಸ್ಕ್ಯಾನಿಗೆ ಮುಂಚೆಯೇ ನನಗೆ ಹೇಳಿದ: ಮೇದೋಜೀರಕದ ಕ್ಯಾನ್ಸರು, ದಸರೆ ದಾಟುವುದು ಕಷ್ಟ. ಡಾಕ್ಟರನ ಲೆಕ್ಕ ಸರಿಯಾಗಿತ್ತು. ಆ ಮೂರು ತಿಂಗಳು ನಾನು ರಜೆ ಹಾಕಿ ಮನೆಯಲ್ಲಿದ್ದೆ. ಗಂಜಿ ಮಾಡುವುದನ್ನು ಹಾಸಿಗೆಯಿಂದಲೇ ಬೈದು ಬೈದು ಕಲಿಸಿದ. ಒಂದು ಮಧ್ಯಾಹ್ನ ನಾನು, "ಈಗಲೇ ಹೋಗಿ ಬರೆಸಿಕೊಂಡು ಬರ್ತೀನಿ, ಒಂದೇ ಚೀಟಿ," ಎಂದೆ. "ನಾನು ಮುಂದೆ ನಿಂತು ಕೇಳಬೇಕು ಮಾರಾಯ. ಪಾರ್ಸಲ್ ಬೇಡ," ಎಂದ. ಆಗ ಅವನಿಗೆ ಮೆಟ್ಟಿಲಿಳಿಯಲು ಆಗುತ್ತಿರಲಿಲ್ಲ.

ಕ್ರಿಯೆಗಳನ್ನು ಅರೋರಾದಲ್ಲಿರುವ ಅವನ ಅಕ್ಕನ ಮಗ ಮಾಡಿದ. ಒಳ್ಳೆಯವನು. "ಅಂಕಲ್, ನೀವು ಮುಂದೆ ಬನ್ನಿ, ಪ್ಲೀಸ್," ಎಂದು ಎರಡು ಸಲ ಕರೆದ. ನಾನು ಮೂರನೆಯ ಸಾಲಿನಲ್ಲಿ, ಸ್ನೇಹಿತರ ನಡುವೆ ಕೂತೆ. ಅಳು ತಡೆಯಲಾಗದೆ ಹೊರಗೆ ಹೋಗಿ ಪಾರ್ಕಿಂಗ್ ಲಾಟಿನಲ್ಲಿ ನಮ್ಮ ಕಾರಿನೊಳಗೆ ಕೂತು ಅತ್ತೆ. ಹೆಂಡತಿ ಸತ್ತವನು ಎಲ್ಲರೆದುರು ಅಳಬಹುದು. ನನಗೆ ಆ ಹಕ್ಕಿಲ್ಲ ಎಂದು ಯಾರೂ ಹೇಳಿರಲಿಲ್ಲ, ನಾನೇ ಹೇಳಿಕೊಂಡಿದ್ದೆ. ಆ ಸಿಟ್ಟು ನನಗೆ ನನ್ನ ಮೇಲೆ ಇನ್ನೂ ಹೋಗಿಲ್ಲ.

ಮರುವರ್ಷದ ಯುಗಾದಿಗೆ ಹೋಗುವ ಮನಸ್ಸಿರಲಿಲ್ಲ. ಆದರೂ ಹೋದೆ. ಜನ ಸರಿದು ಕೌಂಟರು ಖಾಲಿಯಾಗುವ ತನಕ ಗೋಡೆಗೆ ಒರಗಿ ನಿಂತಿದ್ದು, ಆಮೇಲೆ ಧಾರವಾಡದ ಅಮ್ಮನ ಮುಂದೆ ಹೋದೆ.

"ಒಂದೇ ಚೀಟಿ ಬೇಕು," ಎಂದೆ. "ಎರಡು ಹೆಸರು. ನಂದು, ಅವನದು. ಒಟ್ಟಿಗೆ."

ಅವರು ಪೆನ್ನು ಕೆಳಗಿಟ್ಟರು. ಎದ್ದು, ಮಂಡಿ ಹಿಡಿದುಕೊಂಡು ಗರ್ಭಗುಡಿಯ ತನಕ ನಡೆದು ಅರ್ಚಕರನ್ನು ಕೇಳಿ ಬಂದರು. ಬರುವಾಗಲೇ ಉತ್ತರ ಮುಖದ ಮೇಲಿತ್ತು.

"ಆಗೂದಿಲ್ಲಂತರಿ. ಹೋದವರ ಹೆಸರಲೆ ಅರ್ಚನಿ ಮಾಡೂದಿಲ್ಲಂತ."

"ಗೊತ್ತು," ಎಂದೆ. "ಸುಮ್ಮನೆ ಕೇಳಿದೆ."

"ಇಷ್ಟ ವರ್ಷ ಎರಡೆರಡ ಬರದು ಕೊಟ್ಟೀನಿ ನಿಮಗ," ಎಂದರು. "ಪ್ರತಿ ಸಲ ಎಷ್ಟ ಚೀಟಿ ಅಂತ ಯಾಕ ಕೇಳ್ತಿದ್ದೆ ಅಂತ ತಿಳ್ಕೊಂಡೀರಿ? ಬ್ಯಾರೆ ಯಾರಿಗೂ ಕೇಳೂದಿಲ್ಲ ನಾ. ಇವತ್ತರ ಒಂದ ಅಂತೀರೇನೋ ಅಂತ ಕೇಳ್ತಿದ್ದೆ. ನಮಗೆಲ್ಲಾ ಗೊತ್ತಿತ್ತರಿ. ನೀವ ಹೇಳ್ಲಿ ಅಂತ ನಾವ ಸುಮ್ಮನಿದ್ವಿ."

"ಎಲ್ಲರಿಗೂ?"

"ಪ್ರೊಫೆಸರಿಗೂ ಗೊತ್ತದ, ಅವರ ಮನಿಯವರಿಗೂ ಗೊತ್ತದ. ಗ್ರೀಸಿಗೆ ಬರ್ತೀವಿ ಅಂತ ಅವರು ತಮಾಷೀಗೆ ಕೇಳಿದ್ದರಿ."

ನಾನು ನನ್ನ ನಕ್ಷತ್ರ ಹೇಳಿದೆ. ಅವರಿಗೆ ಅದು ಬಾಯಿಪಾಠವಿತ್ತು, ಆದರೂ ಹೇಳುವ ತನಕ ಕಾದು ಬರೆದರು. ಚೀಟಿ ತೆಗೆದುಕೊಂಡು ಸಾಲಿನಲ್ಲಿ ನಿಂತೆ. ಅರ್ಚಕರು ಓದಿದರು, ಒಂದು ಕ್ಷಣದಲ್ಲಿ ಮುಗಿಯಿತು. ಇಪ್ಪತ್ತೆರಡು ವರ್ಷ ನಾನು ಯಾರಿಗೆ ಹೆದರಿದೆ ಎಂದು ಈಗ ಯಾರಾದರೂ ಕೇಳಿದರೆ, ಆ ಸಭಾಂಗಣದಲ್ಲಿದ್ದ ಒಂದು ಮುಖವನ್ನೂ ನಾನು ತೋರಿಸಲಾರೆ.