ಸಿಪಾಯಿ ಹೊಳಿಯಪ್ಪ ಕಲಿತ ಆಟದ ಗಣಿತ

ಮೆಣಸಗಿಯ ಹೊಳಿಯಪ್ಪ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಎರಡು ವರ್ಷ ಅಣ್ಣಂದಿರ ಜೊತೆ ಹೊಲದಲ್ಲಿ ದುಡಿದು, ಐವತ್ತೊಂದನೆಯ ಇಸವಿಯಲ್ಲಿ ಧಾರವಾಡದ ದಾರಿ ಹಿಡಿದ. ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಸಿಪಾಯಿ ಕೆಲಸ ಸಿಕ್ಕಿತು. ಗಂಟೆ ಬಾರಿಸುವುದು, ಬೋರ್ಡು ಒರೆಸುವುದು, ಮೇಜಿನ ಮೇಲೆ ಬೋರ್ಡಿಗೆ ಬರೆಯುವ ಖಡು ಇಡುವುದು, ಹೂಜಿಗೆ ನೀರು ತುಂಬುವುದು. ಆರು ವರ್ಷ ಇದನ್ನೇ ಮಾಡಿದ. ಬೋರ್ಡಿನ ಮೇಲೆ ಏನು ಬರೆದಿದ್ದಾರೆಂದು ಓದದೆ ಒಂದು ದಿನವೂ ಒರೆಸಿದವನಲ್ಲ.

ಐವತ್ತೇಳರ ಮಳೆಗಾಲದಲ್ಲಿ ನರಗುಂದದ ಕಡೆಯ ಒಬ್ಬ ಹೊಸ ಮಾಸ್ತರರು ಬಂದರು. ಎಂ.ಎ. ಮೊದಲ ವರ್ಷದವರಿಗೆ ಅವರು ಒಂದು ಹೊಸ ವಿಷಯ ಕಲಿಸುವವರಿದ್ದರು. ಅದರ ಹೆಸರು ಆಟದ ಸಿದ್ಧಾಂತ. ವಾರಕ್ಕೆ ಎರಡು ದಿನ, ಹನ್ನೊಂದು ಜನ ವಿದ್ಯಾರ್ಥಿಗಳು. ಗಣಿತವೆಂದು ಬಂದರೆ ಆಟವೆನ್ನುತ್ತಾರಲ್ಲ ಎಂದು ಹುಡುಗರು ಮುಖ ಮುಖ ನೋಡಿಕೊಂಡರು. ಸೂತ್ರಗಳನ್ನು ಇಂಗ್ಲಿಷಿನಲ್ಲಿ ಹೇಳಿದರೂ ಉದಾಹರಣೆಗೆ ಬಂದಾಗ ಮಾಸ್ತರರ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು.

ಮೊದಲ ದಿನವೇ ಅವರು, "ನನ್ನ ಜೋಡಿ ಯಾರು ಆಡತೀರಿ?" ಎಂದು ಕೇಳಿದರು. ಒಬ್ಬನೂ ಏಳಲಿಲ್ಲ. ಬಾಗಿಲಲ್ಲಿ ಹೂಜಿ ಹಿಡಿದು ನಿಂತಿದ್ದ ಹೊಳಿಯಪ್ಪನ ಮೇಲೆ ಅವರ ಕಣ್ಣು ಬಿತ್ತು.

"ಏ, ನೀ ಬಾರಪಾ."

ಆಟ ಸರಳ. ಇಬ್ಬರೂ ಒಮ್ಮೆಲೇ ಒಂದು ಬೆರಳನ್ನೋ ಎರಡು ಬೆರಳನ್ನೋ ತೋರಿಸಬೇಕು. ಕೂಡಿದರೆ ಸಮ ಬಂದಾಗ ಮಾಸ್ತರರು ಗೆದ್ದಂತೆ, ಬೆಸ ಬಂದಾಗ ಹೊಳಿಯಪ್ಪ. ಹತ್ತು ಸಲ ಆಡಿದರು. ಹೊಳಿಯಪ್ಪ ಏಳು ಸಲ ಗೆದ್ದ.

"ಹ್ಯಾಂಗ ಗೆದ್ದಿ?"

"ನೀವು ಎರಡು ಸಲ ಒಂದ ಬಟ್ಟು ತೋರಿಸಿದ್ರ ಮೂರನೇ ಸಲ ತಪ್ಪದ ಎರಡು ತೋರಸ್ತೀರಿ, ಸರ. ಹಟಕ್ಕ ಬಿದ್ದಂಗ."

ಹುಡುಗರು ನಗಬೇಕೋ ಬೇಡವೋ ತಿಳಿಯದೆ ಕೂತರು. ಮಾಸ್ತರರೇ ಮೊದಲು ನಕ್ಕರು. "ಹಂಗಾದ್ರ ನಾ ಏನು ಮಾಡಬೇಕಾಗಿತ್ತು?"

ಹೊಳಿಯಪ್ಪ ಮೇಜಿನ ಮೇಲಿದ್ದ ಒಂದು ಬಿಳಿ ಖಡು, ಒಂದು ಕೆಂಪು ಖಡು ತೆಗೆದು ಅವರ ಕೋಟಿನ ಕಿಸೆಗೆ ಹಾಕಿದ. "ಪ್ರತಿ ಸಲಾ ಕಿಸೆದಾಗ ಕೈ ಹಾಕಿ, ನೋಡದ ಒಂದು ಹಿಡೀರಿ. ಬಿಳೀದು ಬಂದ್ರ ಒಂದು ಬಟ್ಟು, ಕೆಂಪು ಬಂದ್ರ ಎರಡು. ಮುಂದ ಏನು ಬರತೈತಿ ಅಂತ ನಿಮಗ ಗೊತ್ತಿಲ್ಲ ಅಂದ ಮ್ಯಾಲ ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ಮಾಸ್ತರರು ಕಿಸೆಯ ಖಡುಗಳನ್ನು ತೆಗೆದು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು. "ಇವತ್ತು ನಾ ತಾಸುಗಟ್ಟಲೆ ಹೇಳಬೇಕಂತ ಬಂದದ್ದನ್ನ ಇವ ಹೇಳಿಬಿಟ್ಟ," ಎಂದು ಹುಡುಗರಿಗೆ ಹೇಳಿ, ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿದರು. ಅಂದಿನಿಂದ ವಾರದ ಆ ಎರಡು ದಿನ ಹೊಳಿಯಪ್ಪ ಅಲ್ಲಿ ಕೂತು ಕೇಳತೊಡಗಿದ. ಪಾಠದಲ್ಲಿ ಮೈಮರೆತು ಗಂಟೆ ಎರಡು ನಿಮಿಷ ತಡವಾಗಿ ಬಾರಿಸಿದನೆಂದು ಪಕ್ಕದ ಕೋಣೆಯವರು ದೂರು ಕೊಟ್ಟದ್ದೂ ಉಂಟು. ಇಂಗ್ಲಿಷು ಅವನ ಕಿವಿಯಲ್ಲಿ ಅರ್ಧಕ್ಕರ್ಧ ಸೋರಿಹೋಗುತ್ತಿತ್ತು. ಆಟದ ಸೋಲುಗೆಲುವು ತುಂಬಿದ ಬೋರ್ಡಿನ ಮೇಲಿನ ಚೌಕಗಳು ಮಾತ್ರ ಒಂದೂ ತಪ್ಪದೆ ತಲೆಗೆ ಹೋಗುತ್ತಿದ್ದವು.

ಮಾರ್ಚಿನ ಕೊನೆಯ ಪಾಠದಲ್ಲಿ ಹಂಚಿಕೆಯ ವಿಷಯ ಬಂತು. ಇಬ್ಬರು ಒಂದು ವಸ್ತು ಹಂಚಿಕೊಳ್ಳಬೇಕಾದರೆ ಒಬ್ಬ ಎರಡು ಭಾಗ ಮಾಡಲಿ, ಇನ್ನೊಬ್ಬ ತನಗೆ ಬೇಕಾದದ್ದನ್ನು ಮೊದಲು ಆರಿಸಿಕೊಳ್ಳಲಿ. ಆಗ ಭಾಗ ಮಾಡುವವನು ಮೋಸ ಮಾಡಿದರೆ ತನಗೇ ಮೋಸ.

ಹೊಳಿಯಪ್ಪ ಎದ್ದು ನಿಂತ. "ಮೂರು ಮಂದಿ ಇದ್ರ, ಸರ?"

ಅವನು ಸುಮ್ಮನೆ ಕೇಳಿದ್ದಲ್ಲ. ಅಪ್ಪ ತೀರಿಹೋಗಿ ಮೂರು ವರ್ಷವಾದರೂ ಮೆಣಸಗಿಯ ಹದಿನಾಲ್ಕು ಎಕರೆ ಹೊಲ ಪಾಲಾಗಿರಲಿಲ್ಲ. ಹಿರಿಯಣ್ಣ ಕರೆಪ್ಪ, ನಡುವಿನ ಅಣ್ಣನ ವಿಧವೆ ಫಕೀರವ್ವ, ಕಿರಿಯವನು ಇವನು. ಊರ ಮಗ್ಗುಲಿನಿಂದ ಮಲಪ್ರಭೆಯ ದಂಡೆಯವರೆಗೆ ಉದ್ದಕ್ಕೆ ಹಾಸಿದ ಒಂದೇ ಪಟ್ಟಿ. ಮೇಲಿನ ತುದಿಗೆ ಪ್ರವಾಹದ ಭಯವಿಲ್ಲ, ಕೆಳಗಿನ ತುದಿಗೆ ಹೊಳೆ ತಂದ ಮೆಕ್ಕಲು ಮಣ್ಣು. ಹಿರಿಯರು ಎರಡು ಸಲ ಕೂತು ಅಳೆದರೂ ಮೂವರಿಗೂ ಒಪ್ಪಿತವಾಗಲಿಲ್ಲ.

ಯುರೋಪಿನ ಗಣಿತಜ್ಞರೊಬ್ಬರು ಹತ್ತು ವರ್ಷದ ಹಿಂದೆ ಇದಕ್ಕೊಂದು ದಾರಿ ಹೇಳಿದ್ದಾರೆಂದು ಮಾಸ್ತರರು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ಹೊಳಿಯಪ್ಪ ಅದನ್ನು ಬರೆದುಕೊಂಡು, ಯುಗಾದಿ ಮುಗಿದ ವಾರ ರಜೆ ಹಾಕಿ ಊರಿಗೆಂದು ಗದಗಿನಲ್ಲಿ ರೋಣದ ಬಸ್ಸು ಹತ್ತಿದ.

ಹೊಲ ಬರಿದಾಗಿತ್ತು. ಊರ ಹಿರಿಯ ಹನುಮಪ್ಪ ಬದುವಿನ ಮೇಲೆ ಕೂತಿದ್ದರು, ಫಕೀರವ್ವ ತುಸು ದೂರ ನಿಂತಿದ್ದಳು. ಕರೆಪ್ಪ ಮೀಸೆ ತಿರುವುತ್ತ, "ಕಾಲೇಜಿನ್ಯಾಗ ಗಂಟಿ ಬಾರಸಾಂವ ಹೊಲಾ ಹಂಚಾಕ ಬಂದಾನ ನೋಡ್ರಿ," ಎಂದ.

"ನಾ ಹಂಚಂಗಿಲ್ಲಣ್ಣಾ. ಹಂಚಾವ್ರು ನೀವ," ಎಂದ ಹೊಳಿಯಪ್ಪ. "ಊರ ಕಡಿಂದ ನಡಕೊಂತ ಬಾ. ಎಲ್ಲೀತನಕ ಬಂದ್ರ ಮೂರರಾಗ ಒಂದು ಪಾಲು ಆತು ಅಂತ ನಿನಗ ಅನಸ್ತೈತಿ, ಅಲ್ಲಿ ಒಂದು ಕಲ್ಲು ಇಡು. ಅದು ಹೆಚ್ಚಾತು ಅಂತ ಫಕೀರವ್ವ ವೈನಿಗೆ ಅನಿಸಿದ್ರ ಕಲ್ಲು ಹಿಂದಕ ಸರಸ್ತಾಳ. ಆಮ್ಯಾಲ ನನ್ನ ಪಾಳಿ. ಕಡೀಕ ಯಾರ ಕೈಯಿಂದ ಕಲ್ಲು ಕುಂತತೋ ಆ ತುಣುಕು ಅವರದ. ಉಳಿದ ಇಬ್ರಾಗ ಒಬ್ರು ಎರಡು ಭಾಗ ಮಾಡೋದು, ಇನ್ನೊಬ್ರು ಆರಿಸ್ಕೊಳ್ಳೋದು."

ಹನುಮಪ್ಪ ಇನ್ನೊಮ್ಮೆ ಹೇಳಿಸಿಕೊಂಡು ತಲೆಯಾಡಿಸಿದರು.

ಕರೆಪ್ಪ ಕಲ್ಲು ಹೊತ್ತು ನಡೆದ. ನಡೆದೇ ನಡೆದ. ಪಟ್ಟಿಯ ಅರ್ಧ ಮುಗಿಯುವಷ್ಟರಲ್ಲಿ ನಿಂತು ಕಲ್ಲು ಇಟ್ಟ. "ಇದು ಮೂರನೇ ಪಾಲು," ಎಂದು ಗಟ್ಟಿಯಾಗಿ ಹೇಳಿದ. ಮೂವರು ಮಕ್ಕಳ ತಾಯಿ ಫಕೀರವ್ವ, ಹಿರಿಯರ ಮುಂದೆ ಬಾಯಿ ತೆರೆಯದವಳು, ತಾನಿಟ್ಟ ಕಲ್ಲನ್ನು ಮುಟ್ಟುವುದಿಲ್ಲ, ಪೇಟೆ ಸೇರಿದ ತಮ್ಮನಿಗೆ ಹೊಲದ ಅಂದಾಜೇ ಇಲ್ಲ ಎಂಬುದು ಅವನ ಲೆಕ್ಕ.

ಫಕೀರವ್ವ ಸೆರಗು ಸೊಂಟಕ್ಕೆ ಸಿಗಿಸಿ ಕಲ್ಲನ್ನು ಎತ್ತಿದಳು. ಊರ ಕಡೆಗೆ ತಿರುಗಿ, ಒಂದೊಂದೇ ಹೆಜ್ಜೆ ಎಣಿಸುತ್ತ ಬಂದು, ಬೇವಿನ ಗಿಡದಾಚೆ ಇಳಿಸಿ ಕೈ ಕೊಡವಿದಳು.

ಈಗ ಹೊಳಿಯಪ್ಪನ ಪಾಳಿ. ಅವನು ಮೇಲಿಂದ ಕೆಳಗೆ ಎರಡು ಸಲ ನೋಡಿದ. ಅವನ ಕಣ್ಣಿಗೆ ಆ ತುಣುಕು ಮೂರನೇ ಪಾಲಿಗಿಂತ ಹೆಚ್ಚಿರಲಿಲ್ಲ. "ನಾ ಸರಸಂಗಿಲ್ಲ. ಇದು ವೈನೀದು."

ಕರೆಪ್ಪ ಕೆರಳಿದ. "ತಡಿ, ನಾನೂ ಸರಸ್ತೀನಿ!"

"ನೀನ ಅಂದೆಲ್ಲಣ್ಣಾ, ಅಲ್ಲೀತನಕ ಹೋದ್ರ ಮೂರನೇ ಪಾಲು ಅಂತ. ವೈನಿ ತಗೊಂಡದ್ದು ಅದಕಿಂತ ಕಡಿಮಿ. ನಿನ್ನ ಮಾತಿನ ಪ್ರಕಾರನ ನಮಗಿಬ್ರಿಗೆ ಹೆಚ್ಚಿಂದು ಉಳೀತು. ನಿನಗ ಲುಕ್ಸಾನ ಎಲ್ಲಿ ಆತು?"

ಹನುಮಪ್ಪ ಬಿದ್ದು ಬಿದ್ದು ನಕ್ಕರು. "ಕರೆಪ್ಪಾ, ನಿನ್ನ ಮಾತಿನ್ಯಾಗ ನೀನ ಸಿಕ್ಕಿಬಿದ್ದಿ. ಸುಮ್ಮನಾಗು."

ಉಳಿದದ್ದನ್ನು ಎರಡು ಮಾಡುವ ಕೆಲಸ ಕರೆಪ್ಪನಿಗೆ ಬಂತು. ಈಗ ಅವನು ಅರ್ಧ ದಿನ ತೆಗೆದುಕೊಂಡ. ಹಗ್ಗ ಹಿಡಿದು ಅಳೆದ, ಮಣ್ಣು ಮುಷ್ಟಿಯಲ್ಲಿ ಹಿಡಿದು ನೋಡಿದ, ಹಾಕಿದ ಗೆರೆ ಅಳಿಸಿ ಮತ್ತೆ ಹಾಕಿದ. ಅವನು ಅಷ್ಟು ನ್ಯಾಯವಾಗಿ ನಡೆದುಕೊಂಡದ್ದನ್ನು ಊರವರು ಅಲ್ಲಿಯವರೆಗೆ ಕಂಡಿರಲಿಲ್ಲ. ಕೊನೆಗೆ ಬೆವರು ಒರೆಸಿಕೊಂಡು, "ಆರಿಸ್ಕೋ," ಎಂದ.

"ಹೊಳಿದಂಡಿ ನನಗ," ಎಂದ ಹೊಳಿಯಪ್ಪ.

ಕರೆಪ್ಪನ ಮುಖ ಒಮ್ಮೆಲೇ ಅರಳಿತು. ಪ್ರವಾಹವೆಂದರೆ ಅವನಿಗೆ ಹುಡುಗನಿದ್ದಾಗಿನಿಂದಲೂ ಭಯವಿತ್ತು, ನಡುವಿನ ಎರೆ ಭೂಮಿಯೇ ಅವನಿಗೆ ಬೇಕಾಗಿತ್ತು. ಹೊಳಿಯಪ್ಪನ ಎಣಿಕೆ ಬೇರೆ. ನೀರು ಇಳಿದ ಮೇಲೆ ಆ ಮೆಕ್ಕಲಿನಲ್ಲಿ ಕಡಲೆ ಬಿತ್ತಿದರೆ ಗೊಬ್ಬರವೇ ಬೇಡವೆಂದು ಅವನಿಗೆ ಗೊತ್ತಿತ್ತು. ಮನೆಗೆ ಹೊರಟಾಗ ಫಕೀರವ್ವ ಹಿಂದಿನಿಂದ ಕೂಗಿದಳು. "ತಮ್ಮಾ, ನನಗ ಬೇಕಾದದ್ದು ನನಗ ಸಿಕ್ಕೈತಿ. ನಿಮಗ ಇಬ್ರಿಗೂ ಏನು ಸಿಕ್ತು?"

"ನಮಗ ಬೇಕಾದದ್ದ ನಮಗ ಸಿಕ್ಕೈತಿ, ವೈನಿ."

ಅವಳು ನಂಬಲಾರದೆ ತಿರುಗಿ ಉಳಿದೆರಡು ತುಣುಕುಗಳನ್ನು ನೋಡಿದಳು. ತಾನೊಬ್ಬಳೇ ಗೆದ್ದೆನೆಂದು ಅವಳು ತಿಳಿದಿದ್ದಳು.

ಸುದ್ದಿ ಹಬ್ಬಿ, ಮುಂದಿನ ಬೇಸಿಗೆಯಲ್ಲಿ ಮುಶಿಗೇರಿಯ ಒಂದು ಮನೆತನದವರು ಅವನನ್ನು ಕರೆಸಿಕೊಂಡರು. ಅಲ್ಲಿ ನಾಲ್ವರು ಅಣ್ಣತಮ್ಮಂದಿರು. ಹೊಳಿಯಪ್ಪ ಅದೇ ಕಲ್ಲಿನ ಆಟ ಆಡಿಸಿ, ರೊಟ್ಟಿ ಉಂಡು, ಸಂಜೆಯ ಬಸ್ಸಿಗೆ ಮರಳಿದ.

ಐವತ್ತೊಂಬತ್ತರಲ್ಲಿ ಮಾಸ್ತರರು ಜ್ವರದಿಂದ ಮಲಗಿದಾಗ ಹೊಸ ತಂಡಕ್ಕೆ ಹಂಚಿಕೆಯ ಪಾಠ ಬಾಕಿಯಿತ್ತು. "ಮೆಣಸಗಿ ಹೊಲದ ಕತಿ ನೀನ ಹೇಳು," ಎಂದು ಚೀಟಿ ಕಳಿಸಿದರು. ಹೊಳಿಯಪ್ಪ ಟೋಪಿ ಸರಿಮಾಡಿಕೊಂಡು ಖಡು ಹಿಡಿದ. ಬೋರ್ಡಿನ ಈ ತುದಿಗೆ ಊರು, ಆ ತುದಿಗೆ ಹೊಳೆ ಬರೆದು, ನಡೆದದ್ದನ್ನೆಲ್ಲ ತನ್ನ ಮಾತಿನಲ್ಲೇ ಹೇಳಿದ. ಹುಡುಗರು ಬರೆದುಕೊಂಡರು.

ಒಬ್ಬ ಎದ್ದು ಕೇಳಿದ. "ಇಬ್ರು ಒಳಗಿಂದೊಳಗ ಒಂದಾದ್ರ? ಮೂರನೇದವ್ರ ಪಾಡೇನು?"

ಹೊಳಿಯಪ್ಪನಿಗೆ ಆ ಪ್ರಶ್ನೆ ಹಿಡಿಸಿತು. "ಆಡೇ ನೋಡೋಣ ಬರ್ರಿ," ಎಂದು ಆ ಹುಡುಗನನ್ನೂ ಅವನ ಗೆಳೆಯನನ್ನೂ ಆ ವರ್ಷದ ಒಬ್ಬಳೇ ವಿದ್ಯಾರ್ಥಿನಿಯನ್ನೂ ಮುಂದೆ ಕರೆದ. ಗೆಳೆಯರಿಬ್ಬರೂ ಕಿವಿಯಲ್ಲಿ ಪಿಸುಗುಟ್ಟಿ, ಕಲ್ಲಿನ ಬದಲು ಬೋರ್ಡಿಗೆ ಹಾಕಿದ ಗೆರೆಯನ್ನು ಹಿಂದೆ ಎಳೆದರು, ಮುಂದೆ ಎಳೆದರು. ನಾಲ್ಕು ಸಲ ಆಡಿದರು. ನಾಲ್ಕೂ ಸಲ ಆ ಹುಡುಗಿ ಹೆಚ್ಚೆನಿಸಿದಲ್ಲಿ ಗೆರೆ ಒರೆಸಿ ಹಿಂದಕ್ಕೆ ಹಾಕಿದಳು, ಕಡಿಮೆಯೆನಿಸಿದಲ್ಲಿ ಆ ತುಣುಕನ್ನು ಅವರಿಗೇ ಬಿಟ್ಟುಕೊಟ್ಟಳು.

"ನನಗ ನನ್ನ ಪಾಲು ಬಂದ ಬರತೈತ್ರಿ," ಎಂದಳು ಆಕೆ, ಬೋರ್ಡಿನಿಂದ ಕಣ್ಣು ತೆಗೆಯದೆ. "ಅವರು ಏನರ ಮಾತಾಡ್ಕೊಳ್ಳಲಿ."