ಬಲ್ಬು ಜೋಡಿಸಿದ ಡಬ್ಬಿ

ರಾಣೆಬೆನ್ನೂರು ರೈಲು ನಿಲ್ದಾಣದಲ್ಲಿ ಯಾರೋ ‘ಬಾಂಬ್!’ ಎಂದು ಕೂಗಿದ್ದೇ ತಡ, ನಾಲ್ಕಾರು ಜನ ಒಬ್ಬ ತರುಣನ ಕೊರಳಪಟ್ಟಿ ಹಿಡಿದರು. ಅವನ ಚೀಲದಲ್ಲಿ ವಾಯರ್, ಬಲ್ಬು ಜೋಡಿಸಿದ ತಗಡಿನ ಡಬ್ಬಿಯಿತ್ತು. ದೊಡ್ಡ ಶಹರಗಳಲ್ಲಿ ಸ್ಫೋಟಗಳಾಗುತ್ತಿದ್ದ ದಿನಗಳವು. ಹೆಸರು ಸಲೀಂ ಎಂದು ಗೊತ್ತಾದ ಮೇಲಂತೂ ಕೇಳುವುದೇ ಬೇಡ, ಏಟು ಬೀಳತೊಡಗಿದವು.

ಅಷ್ಟರಲ್ಲಿ ಪೊಲೀಸ್ ಸಾಹೇಬರೊಬ್ಬರು ನಡುವೆ ನುಗ್ಗಿ, ಅವನನ್ನು ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡು ಗುಡುಗಿದರು: “ಕೈ ತಗೀರಿ! ಇವ ಈಗ ನನ್ನ ವಶದಾಗ ಅದಾನ. ತಪ್ಪು ಮಾಡ್ಯಾನೋ ಇಲ್ಲೋ ಕೋರ್ಟ್ ಹೇಳ್ತೈತಿ, ನೀವಲ್ಲ.”

ಸುತ್ತ ನೋಡುತ್ತ ನಿಂತಿದ್ದ ನಮ್ಮನ್ನೆಲ್ಲ ದೂರ ಸರಿಸಿ, ಅವನತ್ತ ತಿರುಗಿದರು. “ಮನಿ ಫೋನ್ ನಂಬರ್ ಹೇಳಪಾ, ನೀ ಎಲ್ಲಿದ್ದೀ ಅಂತ ಅವರಿಗೆ ಗೊತ್ತಾಗ್ಲಿ. ವಕೀಲರು ಬೇಕಂದ್ರ ಅವರನ್ನೂ ಕರಸೋಣು.”

ಹಾವೇರಿಯಿಂದ ಬಾಂಬ್ ತಪಾಸಣೆಯವರು ಬಂದು ಡಬ್ಬಿ ತೆರೆದರು. ಒಳಗಿದ್ದದ್ದು ಟೊಮೆಟೊ ಹೂವಿನ ಪರಾಗ! ಹೊಲದಲ್ಲಿ ಹೈಬ್ರಿಡ್ ಬೀಜ ತಯಾರಿಸುವ ಪ್ಲಾಟಿನವರು, ಬೇರೆ ತಳಿಯ ಹೂವಿಗೆ ಹಚ್ಚಲೆಂದು ಅದನ್ನು ಬಲ್ಬಿನ ಕಾವಿಗೆ ಒಣಗಿಸುತ್ತಾರೆ. ಅಂಥ ಡಬ್ಬಿ ಈ ಭಾಗದ ಎಷ್ಟೋ ಮನೆಗಳಲ್ಲಿದೆ. ಹೊಡೆದವರ ಮನೆಯಲ್ಲೂ ಇದ್ದೀತು.

ಜನ ನಗುತ್ತ ಚದುರಿದರು. ನನಗೆ ಮಾತ್ರ ಇಂದಿಗೂ ಮರೆಯಲಾಗದ್ದು ಒಂದೇ: ಸಾಹೇಬರು ಆ ಮಾತುಗಳನ್ನು ಆಡಿದಾಗ ಡಬ್ಬಿಯಲ್ಲಿ ಏನಿದೆಯೆಂದು ಅವರಿಗೂ ಗೊತ್ತಿರಲಿಲ್ಲ.